ಲೆಡ್ ಬಿಟ್ಟು ತವರದ ಬೆಸುಗೆಗೆ: ಸಣ್ಣ ಬೋರ್ಡ್ ಘಟಕದವರಿಗೆ ಗಂಗಾವತಿಯಿಂದ ಒಂದು ಮಾರ್ಗದರ್ಶಿ

ನಮ್ಮ ಕಡೆ ಅಂಗಡಿಗೆ ಹೋಗಿ ಸೋಲ್ಡರ್ ವೈರ್ ಕೇಳುವವರು ಕಡಿಮೆ. "ಲೆಡ್ ಕೊಡ್ರಿ" ಎಂದೇ ಕೇಳುತ್ತಾರೆ. ಗಂಗಾವತಿ, ಕಾರಟಗಿ, ಸಿಂಧನೂರು, ಎಲ್ಲಿ ಹೋದರೂ ಇದೇ ಮಾತು. ಬೆಸುಗೆ ತಂತಿಗೆ ಸೀಸದ ಹೆಸರೇ ಅಂಟಿಕೊಂಡುಬಿಟ್ಟಿದೆ. ಹೆಸರು ಸುಮ್ನೆ ಬಂದದ್ದಲ್ಲ. ಆ ತಂತಿಯ 100 ಗ್ರಾಂನಲ್ಲಿ 37ರಿಂದ 40 ಗ್ರಾಂ ಸೀಸ, ಉಳಿದದ್ದು ತವರ.

ನಮ್ಮಜ್ಜಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಓಣಿಗೆ ಕಲಾಯಿಯವರು ಬಂದರೆ ಹಿತ್ತಾಳೆ ಪಾತ್ರೆ ಕೊಡುವ ಮೊದಲು "ಬರೇ ತವರ ಹಾಕ್ರಿ, ಸೀಸ ಬೆರಸಬ್ಯಾಡ್ರಿ" ಎಂದು ಎರಡು ಸಲ ಹೇಳುತ್ತಿದ್ದರು. ಉಣ್ಣುವ ಪಾತ್ರೆಗೆ ನಾವು ಎಂದೋ ಒಪ್ಪಿಕೊಂಡ ಮಾತು ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಈಗ ಬಂದಿದೆ.

ನಾನು ಗಂಗಾವತಿಯಲ್ಲಿ ಒಂದು ಸಣ್ಣ ಘಟಕ ನಡೆಸುತ್ತೇನೆ. ಪಂಪ್‌ಸೆಟ್ ಸ್ಟಾರ್ಟರ್‌ಗೆ ಟೈಮರ್ ಬೋರ್ಡ್, ಸಿಂಗಲ್ ಫೇಸ್ ಪ್ರಿವೆಂಟರ್, ರೈಸ್ ಮಿಲ್‌ಗಳಿಗೆ ಕಂಟ್ರೋಲ್ ಬೋರ್ಡ್ ಮಾಡುತ್ತೇವೆ. ಒಟ್ಟು ಒಂಬತ್ತು ಜನ. ಒಂದು ದಿನ ಬೆಂಗಳೂರಿನ ಗಿರಾಕಿಯೊಬ್ಬರು "ಮುಂದಿನ ಆರ್ಡರ್‌ನಿಂದ ಲೆಡ್ ಫ್ರೀ ಬೇಕು, ಪೇಪರ್ ಸಮೇತ" ಎಂದು ಕೇಳಿದರು. ತಂತಿ ಬದಲಿಸಿದರೆ ಮುಗೀತು ಎಂದುಕೊಂಡೆ. ಮುಗಿಯಲಿಲ್ಲ. ಒಂದು ವರ್ಷದ ಹತ್ತಿರ ಹಿಡಿಯಿತು. ಆ ವರ್ಷದಲ್ಲಿ ಕಲಿತದ್ದನ್ನು ಕೆಲಸದ ಕ್ರಮದಲ್ಲೇ ಇಲ್ಲಿ ಇಡುತ್ತೇನೆ.

ಮೊದಲೇ ಒಂದು ಮಾತು. ಈ ಬದಲಾವಣೆಯಲ್ಲಿ ಕಷ್ಟದ ಭಾಗ ಹೊಸ ತಂತಿಯಲ್ಲ. ಹಳೆಯದನ್ನೂ ಹೊಸದನ್ನೂ ಬೆರೆಯದಂತೆ ಇಡುವುದು. ಕೆಳಗೆ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಕಾನೂನು ನಿಮಗೆ ತಟ್ಟುತ್ತದೆಯೇ ನೋಡಿ

ಯುರೋಪ್ ಒಕ್ಕೂಟದಲ್ಲಿ ಸೀಸದ ಮೇಲಿನ ನಿರ್ಬಂಧ 2006ರ ಜುಲೈ 1ರಿಂದ ಜಾರಿಯಲ್ಲಿದೆ. ರೋಹ್ಸ್ ಎಂದು ಎಲ್ಲರೂ ಕರೆಯುವುದು ಅದನ್ನೇ. ನಮ್ಮ ದೇಶದಲ್ಲಿ 2011ರ ಇ-ತ್ಯಾಜ್ಯ ನಿಯಮಗಳಲ್ಲಿ ಅದೇ ಮಾತು ಬಂತು. ಸೀಸದ ಮಿತಿ 2014ರ ಮೇ 1ರಿಂದ ಅನ್ವಯವಾಯಿತು. ಈಗ ನಡೆಯುತ್ತಿರುವುದು 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು. ಇವು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ.

ಮಿತಿ ಇಷ್ಟು: ಸೀಸ, ಪಾದರಸ, ಆರು ವೇಲೆನ್ಸಿಯ ಕ್ರೋಮಿಯಂ, ಬೆಂಕಿ ತಡೆಯಲು ಪ್ಲಾಸ್ಟಿಕ್‌ಗೆ ಸೇರಿಸುವ ಎರಡು ಬ್ರೋಮಿನ್ ರಾಸಾಯನಿಕಗಳು, ಇವು ತಲಾ ಶೇ. 0.1 ಮೀರಬಾರದು. ಕ್ಯಾಡ್ಮಿಯಂ ಶೇ. 0.01 ಮೀರಬಾರದು.

ಶೇಕಡಾ ಯಾವುದರ ಮೇಲೆ ಎನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. "ನಮ್ಮ ಸ್ಟಾರ್ಟರ್ ಡಬ್ಬಿ ನಾಲ್ಕು ಕೆಜಿ ಇದೆ, ಒಳಗೆ ಸೀಸ ಎರಡು ಗ್ರಾಂ ಇದ್ದರೆ ಏನು?" ಎಂದು ಒಬ್ಬ ಗೆಳೆಯ ಕೇಳಿದ. ಲೆಕ್ಕ ಹಾಗಲ್ಲ. ಬಿಚ್ಚಿ, ಕತ್ತರಿಸಿ, ಕೆರೆದು ಬೇರೆ ಮಾಡಬಹುದಾದ ಒಂದೊಂದು ವಸ್ತುವಿಗೂ ಬೇರೆ ಬೇರೆ ಲೆಕ್ಕ. ಬೆಸುಗೆಯ ಒಂದೇ ಒಂದು ಜಾಯಿಂಟ್ ಹಳೆಯ ತಂತಿಯಲ್ಲಿ ಹಾಕಿದ್ದರೆ ಆ ಜಾಯಿಂಟ್‌ನಲ್ಲಿ ಸೀಸ ಶೇ. 37 ಆಯಿತು. ಇಡೀ ಬೋರ್ಡ್ ಫೇಲ್.

2022ರ ನಿಯಮಗಳು ಮೈಕ್ರೋ ಉದ್ಯಮಗಳಿಗೆ ಅನ್ವಯಿಸುವುದಿಲ್ಲ. 2025ರ ಏಪ್ರಿಲ್‌ನಿಂದ ಮೈಕ್ರೋ ಎಂದರೆ ಯಂತ್ರೋಪಕರಣದ ಹೂಡಿಕೆ ಎರಡೂವರೆ ಕೋಟಿ ಒಳಗೆ, ವಹಿವಾಟು 10 ಕೋಟಿ ಒಳಗೆ. ನಮ್ಮಂಥ ಬಹಳಷ್ಟು ಘಟಕಗಳು ಇದರೊಳಗೇ ಬರುತ್ತವೆ. ಹಾಗೆಂದು ಕೈಕಟ್ಟಿ ಕೂರಲು ಆಗದು. ನಿಮ್ಮ ಬೋರ್ಡ್ ಕೊಳ್ಳುವ ದೊಡ್ಡ ಕಂಪನಿಗೆ ಆ ವಿನಾಯಿತಿ ಇಲ್ಲ. ಅದರ ಸಾಮಾನು ನಿಯಮದ ಪಟ್ಟಿಯಲ್ಲಿದ್ದರೆ ಒಳಗಿನ ಪ್ರತಿ ಬೋರ್ಡಿಗೂ ಅದೇ ಉತ್ತರ ಕೊಡಬೇಕು. ಅದಕ್ಕೇ ನಿಮ್ಮನ್ನು ಕೇಳುತ್ತದೆ. ಪಟ್ಟಿಯಲ್ಲಿ 106 ಬಗೆಯ ಸಾಮಾನುಗಳಿವೆ. ಫ್ರಿಜ್, ಟಿವಿ, ಎಲೆಕ್ಟ್ರಿಕ್ ಉಪಕರಣಗಳ ಜೊತೆ ಆಟಿಕೆಗಳೂ ಇವೆ. ನಮ್ಮ ಜಿಲ್ಲೆಯ ಭಾನಾಪುರದಲ್ಲೇ ಆಟಿಕೆ ಕ್ಲಸ್ಟರ್ ಬಂದಿದೆ. ದೀಪ ಹೊತ್ತುವ, ಸದ್ದು ಮಾಡುವ ಆಟಿಕೆಗೆ ಬೋರ್ಡ್ ಮಾಡಿಕೊಡುವ ಆಸೆ ಇದ್ದರೆ ಸೀಸ ಬಿಡದೆ ಆ ಬಾಗಿಲು ತೆರೆಯದು. ಮಗು ಬಾಯಿಗಿಡುವ ಸಾಮಾನು ಅದು. ಅಲ್ಲಿ ಕಾನೂನು ಇಲ್ಲದಿದ್ದರೂ ನಾನು ಸೀಸ ಹಾಕಲಾರೆ.

ಒಂದೇ ಉತ್ಪನ್ನ ಆರಿಸಿ, ಅದರ ಪಟ್ಟಿ ಮಾಡಿ

ಇಡೀ ಘಟಕವನ್ನು ಒಂದೇ ದಿನ ಬದಲಿಸಲು ಹೋಗಬೇಡಿ. ಭಾಗಗಳು ಕಡಿಮೆ ಇರುವ, ತಿಂಗಳಿಗೆ ಒಂದಿಷ್ಟು ಹೋಗುವ ಒಂದು ಬೋರ್ಡ್ ಆರಿಸಿಕೊಳ್ಳಿ. ನಾವು ಟೈಮರ್ ಬೋರ್ಡ್‌ನಿಂದ ಶುರು ಮಾಡಿದೆವು. ಆದರೆ ಆ ಒಂದು ಬೋರ್ಡ್ ಮಾತ್ರ ಪೂರ್ತಿ ಬದಲಾಗಬೇಕು. ತಂತಿ ಹೊಸದು, ಖಾಲಿ ಬೋರ್ಡ್ ಹಳೆಯದು ಎನ್ನುವ ಅರೆಬರೆ ಬೇಡ.

ಅದರಲ್ಲಿರುವ ಪ್ರತಿ ಭಾಗವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ರೆಸಿಸ್ಟರ್, ರಿಲೇ, ಟರ್ಮಿನಲ್, ಸ್ಕ್ರೂ, ವೈರ್, ಸ್ಟಿಕ್ಕರ್ ಕೂಡ. ಪ್ರತಿಯೊಂದರ ಎದುರು ಮಾರಿದವರ ಲಿಖಿತ ಘೋಷಣೆ ಇದೆಯೇ ಇಲ್ಲವೇ ಎಂದು ಗುರುತು ಹಾಕಿ. ಎಸ್‌ಪಿ ರೋಡಿನಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಬಿಡಿಯಾಗಿ ತಂದ ಐಸಿಗೆ ಕಾಗದ ಸಿಗುವುದು ಕಷ್ಟ. ಅಂಥದ್ದನ್ನು ಬಿಟ್ಟು ಅಧಿಕೃತ ವಿತರಕರಿಂದ ತರಿಸಿಕೊಳ್ಳಿ. ನಾಲ್ಕು ಕಾಸು ಜಾಸ್ತಿ ಆಗುತ್ತದೆ, ಆದರೆ ಆ ಕಾಗದವೇ ನಿಮ್ಮ ಸಾಕ್ಷಿ.

ಬಿಡಿಭಾಗದ ಪೊಟ್ಟಣದ ಮೇಲೆ ವೃತ್ತದೊಳಗೆ ಇ1, ಇ2, ಇ3 ಎಂಬಂಥ ಗುರುತು ಇರುತ್ತದೆ. ಇ1 ಎಂದರೆ ತವರ, ಬೆಳ್ಳಿ, ತಾಮ್ರದ ಲೇಪ. ಇ3 ಎಂದರೆ ಬರೀ ತವರ. ಇ6 ಕಂಡರೆ ಬಿಸ್ಮತ್ ಇದೆ ಎಂದು ಅರ್ಥ. ಬಿಸ್ಮತ್‌ಗೂ ಸೀಸಕ್ಕೂ ಆಗಿಬರದು. ಇವೆರಡು ತವರದ ಜೊತೆ ಸೇರಿದರೆ 100 ಡಿಗ್ರಿಗಿಂತ ಕೆಳಗೇ ಕರಗುವ ಪದರ ಹುಟ್ಟಬಹುದು. ಹಳೆಯ ತಂತಿಯೂ ಇನ್ನೂ ಓಡಾಡುತ್ತಿರುವ ಘಟಕದಲ್ಲಿ ಇ6 ಭಾಗಗಳನ್ನು ತರಲೇಬೇಡಿ.

ಬೆಸುಗೆಯಲ್ಲಿ ಮಾತ್ರ ಸೀಸ ಇದೆ ಎಂದುಕೊಳ್ಳಬೇಡಿ. ಅಗ್ಗದ ಪಿವಿಸಿ ವೈರಿನ ಹೊದಿಕೆಯಲ್ಲಿ ಸೀಸ ಇರಬಹುದು, ಬಿಸಿಗೆ ತಡೆಯಲೆಂದು ಸೇರಿಸಿರುತ್ತಾರೆ. ಹಳದಿ ಹೊಳಪಿನ ಸ್ಕ್ರೂಗಳಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಇರುವ ಸಾಧ್ಯತೆ ಇದೆ. ರಿಲೇ, ಕಾಂಟ್ಯಾಕ್ಟರ್‌ಗಳ ಪಾಯಿಂಟ್‌ನಲ್ಲಿ ಬೆಳ್ಳಿಯ ಜೊತೆ ಕ್ಯಾಡ್ಮಿಯಂ ಇರಬಹುದು. ಹಿತ್ತಾಳೆ ಟರ್ಮಿನಲ್‌ನಲ್ಲಿ ಸೀಸ ಶೇ. 4ರವರೆಗೆ ಇರಲು ವಿನಾಯಿತಿ ಇದೆ. ಅದಕ್ಕೆ ಗಾಬರಿ ಬೇಡ, ಹಾಳೆಯಲ್ಲಿ ಬರೆದಿಟ್ಟರೆ ಸಾಕು.

ಯಾವ ಲೋಹ?

ಹಳೆಯ 63/37 ತಂತಿ (ತವರ 63, ಸೀಸ 37) 183 ಡಿಗ್ರಿಗೆ ಕರಗುತ್ತಿತ್ತು. ಈಗ ಮುಖ್ಯವಾಗಿ ಎರಡು ದಾರಿ ಇವೆ. ಒಂದು ಎಸ್‌ಎಸಿ 305. ಅದರಲ್ಲಿ ತವರ 96.5, ಬೆಳ್ಳಿ 3, ತಾಮ್ರ 0.5. ಕರಗುವುದು 217ರಿಂದ 220 ಡಿಗ್ರಿ. ಇನ್ನೊಂದು ತವರ-ತಾಮ್ರ. ತಾಮ್ರ ಶೇ. 0.7, ಕೆಲವದರಲ್ಲಿ ಒಂದು ಚಿಟಿಕೆ ನಿಕಲ್. ಕರಗುವುದು 227 ಡಿಗ್ರಿ.

ಬೆಳ್ಳಿಯ ಬೆಲೆ ನಿಮಗೂ ಗೊತ್ತು. ಪಾಟ್ (ಬೆಸುಗೆ ಕರಗಿಸಿ ಬೋರ್ಡ್ ಅದ್ದುವ ಪಾತ್ರೆ) ತುಂಬ ಎಸ್‌ಎಸಿ ಸುರಿದರೆ ಬಂಡವಾಳವೆಲ್ಲ ಅಲ್ಲೇ ಕೂರುತ್ತದೆ. ನನ್ನ ಸಲಹೆ: ಪಾಟ್‌ಗೂ ಕೈಬೆಸುಗೆಗೂ ನಿಕಲ್ ಇರುವ ತವರ-ತಾಮ್ರ, ಎಸ್‌ಎಂಡಿ ಪೇಸ್ಟ್‌ಗೆ (ಬೋರ್ಡಿನ ಮೇಲ್ಮೈಗೆ ಕೂರುವ ಸಣ್ಣ ಭಾಗಗಳಿಗೆ ಬಳಿಯುವ ಬೆಸುಗೆ) ಮಾತ್ರ ಎಸ್‌ಎಸಿ 305. 138 ಡಿಗ್ರಿಗೇ ಕರಗುವ ಬಿಸ್ಮತ್ ಪೇಸ್ಟ್ ತೋರಿಸಿ "ಇದು ಸುಲಭ" ಎನ್ನುವವರು ಸಿಗುತ್ತಾರೆ. ನಮ್ಮ ಸಾಮಾನು ಗದ್ದೆಯ ಬದುವಿನಲ್ಲಿ, ಏಪ್ರಿಲ್-ಮೇ ಬಿಸಿಲಿನಲ್ಲಿ, ಕಬ್ಬಿಣದ ಡಬ್ಬಿಯೊಳಗೆ ಕೂರುತ್ತದೆ. ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಬೇರೆ ಕಾಯುತ್ತಿರುತ್ತದೆ. ಜೊತೆಗೆ ಕಾಂಟ್ಯಾಕ್ಟರ್ ಬಡಿತ. ಬಿಸ್ಮತ್ ಬೆಸುಗೆ ಬಿರುಸು, ಏಟಿಗೆ ಬೇಗ ಬಿರುಕು ಬಿಡುತ್ತದೆ. ನಾನಂತೂ ಹಾಕುವುದಿಲ್ಲ.

ಖಾಲಿ ಬೋರ್ಡ್

ಕಂದು ಬಣ್ಣದ ಪೇಪರ್ ಬೋರ್ಡ್ ಅಗ್ಗ ಎಂದು ನಾವೆಲ್ಲ ಬಳಸುತ್ತೇವೆ ಅಲ್ವಾ? ಹೊಸ ಬಿಸಿಗೆ ಅದರಲ್ಲಿ ಬೆಸುಗೆ ಕೂರುವ ತಾಮ್ರದ ಪ್ಯಾಡ್ ಎದ್ದುಬರುತ್ತದೆ. ಒಮ್ಮೆ ರಿಪೇರಿ ಮಾಡಿದರಂತೂ ಖಂಡಿತ. ಗ್ಲಾಸ್ ಎಪಾಕ್ಸಿ, ಅಂದರೆ ಎಫ್‌ಆರ್4 ಬೋರ್ಡ್‌ಗೆ ಹೋಗಿ. ಎರಡು ಕಡೆ ಟ್ರ್ಯಾಕ್ ಇದ್ದರೆ, ಪೇಸ್ಟ್ ಕರಗಿಸುವ ಓವನ್ನಿಗೂ ಹೋಗುವುದಾದರೆ, ಟಿಜಿ (ಬೋರ್ಡ್ ಮೆದುವಾಗತೊಡಗುವ ಬಿಸಿ) 150 ಡಿಗ್ರಿ ಅಥವಾ ಅದಕ್ಕಿಂತ ಮೇಲಿನದ್ದು ಕೇಳಿ.

ಬೋರ್ಡ್ ಮಾಡಿಕೊಡುವವರಿಗೆ ಬರೀ "ಟಿನ್ ಫಿನಿಶ್" ಎಂದರೆ ಹಳೆಯ ಸೀಸದ ಲೇಪವನ್ನೇ ಕೊಟ್ಟುಬಿಡಬಹುದು. "ಲೆಡ್ ಫ್ರೀ ಎಚ್‌ಎಎಸ್‌ಎಲ್" (ಬಿಸಿಗಾಳಿಯಿಂದ ಸಮ ಮಾಡಿದ ಬೆಸುಗೆ ಲೇಪ) ಎಂದು ಆರ್ಡರ್‌ನಲ್ಲೇ ಬರೆಯಿರಿ, ಬಿಲ್ಲಿನಲ್ಲೂ ಬರೆಸಿ. ಒಎಸ್‌ಪಿ ಎಂಬ ತೆಳು ಸಾವಯವ ಲೇಪ ಅಗ್ಗ. ಆದರೆ ನಮ್ಮ ಧೂಳಿಗೆ, ಬೆವರಿನ ಬೆರಳಿಗೆ, ತಿಂಗಳುಗಟ್ಟಲೆ ಕಪಾಟಿನಲ್ಲಿ ಇಡುವ ಅಭ್ಯಾಸಕ್ಕೆ ಅದು ತಾಳುವುದಿಲ್ಲ.

ಟೇಬಲ್ ಬೇರೆ ಮಾಡಿ

ಇಲ್ಲಿಗೆ ಬಂದಾಗ ನಿಧಾನಿಸಿ. ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಪಾಟ್‌ನಲ್ಲಿ 20 ಕೆಜಿ ಹೊಸ ಬೆಸುಗೆ ಇದೆ. ಶೇ. 0.1 ಎಂದರೆ 20 ಗ್ರಾಂ ಸೀಸ. ಹಳೆಯ 60/40ರಲ್ಲಿ 40 ಪಾಲು ಸೀಸ. ಹಾಗಾದರೆ 50 ಗ್ರಾಂ ಹಳೆಯ ಬೆಸುಗೆ ಬಿದ್ದರೆ ಮಿತಿ ಮುಟ್ಟಿತು. ಐದು ಕೆಜಿಯ ಸಣ್ಣ ಪಾಟ್ ಆದರೆ ಹನ್ನೆರಡೂವರೆ ಗ್ರಾಂ ಸಾಕು. ಒಂದು ಮುಷ್ಟಿಯೂ ಅಲ್ಲ.

ನಮ್ಮಲ್ಲಿ ಆದದ್ದು ಇದೇ. ಹೊಸ ಪಾಟ್ ಶುರು ಮಾಡಿ ಮೂರು ವಾರ ಆಗಿತ್ತು. ಸಂಜೆ ಮಟ್ಟ ಇಳಿದಿದೆ ಎಂದು ಹುಡುಗ ಬೆಸುಗೆಯ ಒಂದು ಬಾರ್ ತಂದು ಹಾಕಿದ. ಅದು ಹಳೆಯ 60/40 ಬಾರ್, ಒಂದು ಕೆಜಿ. ನೋಡಲು ಎರಡೂ ಒಂದೇ ಥರ ಬೆಳ್ಳಗೆ, ಮೇಲಿನ ಅಕ್ಷರ ಸವೆದಿತ್ತು. 17 ಕೆಜಿ ಪಾಟ್‌ನಲ್ಲಿ 400 ಗ್ರಾಂ ಸೀಸ ಸೇರಿ ಶೇ. 2ಕ್ಕಿಂತ ಮೇಲೆ ಹೋಯಿತು. ಅಷ್ಟೂ ಹೊರಗೆ ತೆಗೆಯಬೇಕಾಯಿತು. ಆ ಸಂಜೆಯ ನಂತರದ ಬೋರ್ಡ್‌ಗಳನ್ನೂ ಪಕ್ಕಕ್ಕಿಟ್ಟೆವು. ತಪ್ಪು ಆ ಹುಡುಗನದ್ದಲ್ಲ. ಎರಡೂ ಬಾರ್‌ಗಳನ್ನು ಒಂದೇ ಕಪಾಟಿನಲ್ಲಿ ಇಟ್ಟವನು ನಾನು.

ಅಂದಿನಿಂದ ಹೀಗೆ ಮಾಡುತ್ತೇವೆ. ಲೆಡ್ ಫ್ರೀ ಟೇಬಲ್‌ಗೆ ಹಸಿರು ಮ್ಯಾಟ್, ಹಸಿರು ಟೇಪ್ ಸುತ್ತಿದ ಬೆಸುಗೆ ಐರನ್, ಹಸಿರು ಡಬ್ಬಿ. ಹಳೆಯದಕ್ಕೆ ಕೆಂಪು. ಚಿಮುಟ, ಕರಗಿದ ಬೆಸುಗೆ ಎಳೆದುಕೊಳ್ಳುವ ಸಕ್ಕರ್, ಅದನ್ನು ಹೀರುವ ತಾಮ್ರದ ಹೆಣಿಗೆ ವಿಕ್, ಬ್ರಷ್, ಐರನ್ ಒರೆಸುವ ಹಿತ್ತಾಳೆ ನಾರು, ಎಲ್ಲವೂ ಎರಡೆರಡು ಸೆಟ್. ಸಕ್ಕರ್ ಬಹಳ ಮೋಸಗಾರ. ಅದರ ಹೊಟ್ಟೆಯಲ್ಲಿ ಹಳೆಯ ಬೆಸುಗೆಯ ಚೂರು ಕೂತಿರುತ್ತದೆ, ಒತ್ತಿದಾಗ ಉದುರುತ್ತದೆ. ಹಳೆಯ ಬಾರ್‌ಗಳ ಕಪಾಟಿಗೆ ಬೀಗ ಇದೆ. ಪಾಟ್‌ಗೆ ಬಾರ್ ಹಾಕುವವರು ಇಬ್ಬರೇ, ಹಾಕಿದ ತೂಕ ಬರೆದು ಸಹಿ ಮಾಡುತ್ತಾರೆ. ಜಾಗ ಇದ್ದರೆ ಬೇರೆ ಕೋಣೆಯೇ ಮಾಡಿ. ನಮಗೆ ಜಾಗ ಇರಲಿಲ್ಲ, ನಡುವೆ ಪ್ಲೈವುಡ್ ಅಡ್ಡ ಹಾಕಿದೆವು.

ಐರನ್ ಮತ್ತು ಕೈ

ಗೋಡೆಗೆ ನೇರ ಚುಚ್ಚುವ 25 ವ್ಯಾಟ್ ಐರನ್ ಇಲ್ಲಿ ನಡೆಯುವುದಿಲ್ಲ. ನಮ್ಮ ವೋಲ್ಟೇಜ್ ಸಂಜೆ ಹೊತ್ತು ಇಳಿದರೆ ಅದರ ಬಿಸಿಯೂ ಇಳಿಯುತ್ತದೆ. ಹಳೆಯ ಬೆಸುಗೆ ಅದನ್ನು ಹೇಗೋ ಸಹಿಸುತ್ತಿತ್ತು. ಹೊಸದು ಸಹಿಸದು. ಬಿಸಿ ಹಿಡಿದಿಡುವ ಸ್ಟೇಷನ್ ತೆಗೆದುಕೊಳ್ಳಿ, 60 ವ್ಯಾಟ್‌ಗಿಂತ ಕಡಿಮೆ ಬೇಡ.

350ರಿಂದ 370 ಡಿಗ್ರಿಗೆ ಇಡಿ. ಬೆಸುಗೆ ಹತ್ತುತ್ತಿಲ್ಲ ಎಂದು ಎಲ್ಲರೂ ಮಾಡುವ ಮೊದಲ ಕೆಲಸ 420ಕ್ಕೆ ಏರಿಸುವುದು. ಅದು ತಪ್ಪು ದಾರಿ. ಲೋಹದ ಮೇಲ್ಮೈ ಸ್ವಚ್ಛ ಮಾಡುವ ಫ್ಲಕ್ಸ್ ಸುಟ್ಟುಹೋಗುತ್ತದೆ, ಐರನ್ ತುದಿಯ ಬಿಟ್ ಬೇಗ ತೂತಾಗುತ್ತದೆ, ಪ್ಯಾಡ್ ಏಳುತ್ತದೆ. ಬಿಸಿ ಏರಿಸುವ ಬದಲು ಅಗಲವಾದ ಉಳಿ ಬಾಯಿಯ ಬಿಟ್ ಹಾಕಿ. ಸೂಜಿ ಮೊನೆಯ ಬಿಟ್‌ಗೆ ಬಿಸಿ ದಾಟಿಸುವ ಶಕ್ತಿಯೇ ಕಡಿಮೆ. ಬಿಟ್ಟನ್ನು ಪ್ಯಾಡ್‌ಗೂ ಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ, ತಂತಿಯನ್ನು ಆ ಕೂಡಿದ ಜಾಗಕ್ಕೆ ಕೊಡಿ, ಮೂರ್ನಾಲ್ಕು ಸೆಕೆಂಡು ಹಿಡಿಯಿರಿ.

ಕಲಾಯಿಯವರು ನವಸಾಗರ ಉದುರಿಸಿ ಹತ್ತಿಯಿಂದ ತಿಕ್ಕುವುದನ್ನು ನೋಡಿದ್ದೀರಲ್ಲ? ತಾಮ್ರ ಸ್ವಚ್ಛ ಆಗದೆ ತವರ ಹತ್ತುವುದಿಲ್ಲ. ಇಲ್ಲಿ ಫ್ಲಕ್ಸ್ ಮಾಡುವುದೂ ಅದನ್ನೇ. ಹೊಸ ಬೆಸುಗೆ ಹಳೆಯದರಷ್ಟು ಸಲೀಸಾಗಿ ಹರಡುವುದಿಲ್ಲ, ಹಾಗಾಗಿ ಫ್ಲಕ್ಸ್‌ನ ಕೆಲಸ ಜಾಸ್ತಿ. ಹಾಗೆಂದು ಬೋರ್ಡಿಗೆ ನವಸಾಗರ ಬೇಡ, ಅದು ತಾಮ್ರವನ್ನು ತಿಂದುಬಿಡುತ್ತದೆ. ಅಂಗಡಿಯ ಹಳದಿ ಡಬ್ಬಿಯ ಫ್ಲಕ್ಸ್ ಪೇಸ್ಟೂ ಬೇಡ. ಲೆಡ್ ಫ್ರೀಗೆಂದೇ ಮಾಡಿದ, ತೊಳೆಯಬೇಕಿಲ್ಲದ ಫ್ಲಕ್ಸ್ ತನ್ನಿ.

ಬಿಟ್ ಬೇಗ ಸವೆಯುತ್ತದೆ, ಯಾಕೆಂದರೆ ಬರೀ ತವರ ಕಬ್ಬಿಣದ ಲೇಪವನ್ನು ಕರಗಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಬಿಟ್ ತುದಿಗೆ ದಪ್ಪಗೆ ಬೆಸುಗೆ ಬಳಿದು ಆಮೇಲೆ ಆಫ್ ಮಾಡಿ. ಇದೊಂದೇ ಅಭ್ಯಾಸದಿಂದ ಬಿಟ್ ಗಮನಿಸುವಷ್ಟು ಜಾಸ್ತಿ ದಿನ ಬಾಳುತ್ತದೆ.

ಸೀಸ ಹೋಯಿತೆಂದು ಹೊಗೆ ಒಳ್ಳೆಯದಾಗುವುದಿಲ್ಲ. ಆ ಹೊಗೆ ರಾಳದ್ದು, ಅದರಿಂದ ಅಸ್ತಮಾ ಬರಬಹುದು. ಬಿಸಿ ಜಾಸ್ತಿಯಾದಷ್ಟೂ ಹೊಗೆಯೂ ಜಾಸ್ತಿ. ಪ್ರತಿ ಟೇಬಲ್‌ನಲ್ಲಿ ಹೊಗೆ ಎಳೆದು ಹೊರಗೆ ಬಿಡುವ ಫ್ಯಾನ್ ಇರಲಿ. ಕೆಂಪು ಟೇಬಲ್ ಇನ್ನೂ ನಡೆಯುತ್ತಿರುವಷ್ಟು ದಿನ ಅಲ್ಲಿ ಕೂತವರು ಸೋಪು ಹಾಕಿ ಕೈ ತೊಳೆಯದೆ ರೊಟ್ಟಿ ಗಂಟು ಬಿಚ್ಚಬಾರದು. ಈ ಬಿಸಿಯಲ್ಲಿ ಸೀಸ ಹೊಗೆಯಾಗಿ ಹೋಗುವುದು ತೀರಾ ಕಡಿಮೆ. ಅದು ಬೆರಳಿನಿಂದ ಬಾಯಿಗೆ, ಪಾಟ್ ಮೇಲೆ ಕಟ್ಟುವ ಕಿಟ್ಟದ ಧೂಳಿನಿಂದ ಮೂಗಿಗೆ, ಬಟ್ಟೆಯಿಂದ ಮನೆಗೆ ಹೋಗುತ್ತದೆ. ನಮ್ಮಲ್ಲಿ ಕೈಬೆಸುಗೆ ಮಾಡುವವರಲ್ಲಿ ಐದು ಜನ ಹೆಣ್ಣುಮಕ್ಕಳು, ಮನೆಯಲ್ಲಿ ಸಣ್ಣ ಮಕ್ಕಳಿರುವವರು. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ತಿರುಗಿ ಸರಿಹೋಗುವಂಥದ್ದಲ್ಲ. ಇಷ್ಟು ಮಾತ್ರ ಸೀಸ ಇದ್ದರೆ ತೊಂದರೆ ಇಲ್ಲ ಎಂದು ಹೇಳಬಹುದಾದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಿರಾಕಿ ಕೇಳದಿದ್ದರೂ ನಾನು ಇದನ್ನು ಮೊದಲೇ ಮಾಡಬೇಕಿತ್ತು ಎಂದು ಈಗ ಅನಿಸುತ್ತದೆ.

ಪಾಟ್

ಹಳೆಯ ಪಾಟ್ ತೊಳೆದು ಮತ್ತೆ ಬಳಸುವ ಆಲೋಚನೆ ಬಿಡಿ. ಮೂಲೆಯಲ್ಲಿ, ಬೆಸುಗೆ ಕಟ್ಟಿದ ಸಂದಿನಲ್ಲಿ ಉಳಿದ ಸೀಸ ತೆಗೆಯಲು ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಬಿಸಿ ತವರ ಸ್ಟೇನ್‌ಲೆಸ್ ಸ್ಟೀಲನ್ನು ನಿಧಾನವಾಗಿ ತಿನ್ನುತ್ತದೆ. ವರ್ಷ ಕಳೆಯುವಷ್ಟರಲ್ಲಿ ಪಾಟ್ ಸೋರಿದರೆ 260 ಡಿಗ್ರಿಯ ಲೋಹ ಕಾಲ ಮೇಲೆ ಬೀಳುತ್ತದೆ. ಟೈಟೇನಿಯಂ, ಎರಕದ ಕಬ್ಬಿಣ ಅಥವಾ ಲೆಡ್ ಫ್ರೀಗೆಂದೇ ಲೇಪ ಹಾಕಿದ ಪಾಟ್ ಕೇಳಿ ತನ್ನಿ. ಒಳಗೆ ಅದ್ದುವ ಜಾಲರಿ, ಸೌಟು, ಹಿಡಿಕೆಗಳಿಗೂ ಇದೇ ಮಾತು.

ತೂಕದಲ್ಲಿ ಒಂದು ಲಾಭ ಇದೆ. ಹಳೆಯ ಬೆಸುಗೆ ಒಂದು ಘನ ಸೆಂಟಿಮೀಟರ್‌ಗೆ 8.4 ಗ್ರಾಂ, ಹೊಸದು ಸುಮಾರು 7.4 ಗ್ರಾಂ. 20 ಕೆಜಿ ಹಿಡಿಯುತ್ತಿದ್ದ ಪಾಟ್ ಹದಿನೇಳೂವರೆ ಕೆಜಿಗೇ ತುಂಬುತ್ತದೆ. ಖರೀದಿಗೆ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಬಿಸಿ 255ರಿಂದ 265 ಡಿಗ್ರಿ ಇರಲಿ. ಪಾಟ್‌ನ ಡಯಲ್ ನಂಬಬೇಡಿ. ಬಿಸಿ ಅಳೆಯುವ ಥರ್ಮೋಕಪಲ್ ಮೀಟರ್ ಅದ್ದಿ ನಡುವೆ ಒಂದು ಸಲ, ಅಂಚಿಗೆ ಒಂದು ಸಲ ನೋಡಿ. ಬೋರ್ಡನ್ನು ತಣ್ಣಗೆ ಅದ್ದಬೇಡಿ. ಮೊದಲು 100 ಡಿಗ್ರಿ ಆಸುಪಾಸಿಗೆ ಕಾಯಿಸಿ, ಫ್ಲಕ್ಸ್‌ನ ಸ್ಪಿರಿಟ್ ಆರಲಿ, ಆಮೇಲೆ ಅದ್ದಿ. ಹಾಗೆ ಮಾಡದಿದ್ದರೆ ಸಿಡಿಯುತ್ತದೆ, ದೊಡ್ಡ ಕಾಲಿರುವ ರಿಲೇ ಜಾಯಿಂಟ್ ಒಳಗೆ ಪೂರ್ತಿ ತುಂಬುವುದಿಲ್ಲ.

ಅದ್ದಿದಂತೆಲ್ಲ ಬೋರ್ಡಿನ ತಾಮ್ರ ಪಾಟ್‌ಗೆ ಇಳಿಯುತ್ತದೆ. ತಾಮ್ರ ಶೇ. 1ರ ಹತ್ತಿರ ಬಂದರೆ ಬೆಸುಗೆ ಮರಳು ಮರಳಾಗುತ್ತದೆ, ಪಕ್ಕದ ಕಾಲುಗಳಿಗೆ ಅಂಟುತ್ತದೆ. ಹಳೆಯ ಬೆಸುಗೆಯಲ್ಲಿ ಈ ತಾಮ್ರದ ಹರಳು ಮೇಲೆ ತೇಲುತ್ತಿತ್ತು, ಸೌಟಿನಿಂದ ತೆಗೆಯುತ್ತಿದ್ದೆವು. ಹೊಸದರಲ್ಲಿ ತಳಕ್ಕೆ ಇಳಿಯುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮಟ್ಟ ಇಳಿದಾಗ ಮತ್ತೆ ತುಂಬಲು ತಾಮ್ರ ಇಲ್ಲದ ಬಾರ್ ಕೇಳಿ ತನ್ನಿ. ಮೊದಲ ಆರು ತಿಂಗಳು ಪ್ರತಿ ತಿಂಗಳೂ ಪಾಟ್‌ನಿಂದ ಒಂದು ತುಂಡು ತೆಗೆದು ಬಾರ್ ಮಾರಿದವರಿಗೇ ಪರೀಕ್ಷೆಗೆ ಕಳಿಸಿ. ಒಳ್ಳೆಯ ತಯಾರಕರು ಇದನ್ನು ಮಾಡಿಕೊಡುತ್ತಾರೆ. ವರದಿಯಲ್ಲಿ ನೋಡಬೇಕಾದದ್ದು ಎರಡೇ ಅಂಕಿ, ಸೀಸ ಮತ್ತು ತಾಮ್ರ.

ಪೇಸ್ಟ್, ಓವನ್

ಎಸ್‌ಎಂಡಿ ಕೆಲಸ ಹೊರಗೆ ಕೊಡುವವರು ಇದನ್ನು ದಾಟಿಹೋಗಬಹುದು. ನೀವೇ ಮಾಡುವುದಾದರೆ ಪೇಸ್ಟನ್ನು ಫ್ರಿಜ್‌ನಲ್ಲಿ 10 ಡಿಗ್ರಿಗಿಂತ ಕೆಳಗೆ ಇಡಿ. ಕರೆಂಟ್ ಹೋಗುವ ಊರಿನಲ್ಲಿ ಆ ಫ್ರಿಜ್‌ಗೆ ಬ್ಯಾಕಪ್ ಬೇಕು. ತೆಗೆದ ಮೇಲೆ ಮುಚ್ಚಳ ತೆರೆಯದೆ ನಾಲ್ಕು ತಾಸು ಹೊರಗಿಡಿ, ಇಲ್ಲದಿದ್ದರೆ ಒಳಗೆ ಬೆವರು ಕಟ್ಟುತ್ತದೆ. ಪ್ರಿಂಟ್ ಮಾಡುವ ಕೋಣೆಗೆ ಎಸಿ ಬೇಕೇ ಬೇಕು. 38 ಡಿಗ್ರಿಯಲ್ಲಿ ಪೇಸ್ಟ್ ತುಪ್ಪದಂತೆ ಹರಿದುಬಿಡುತ್ತದೆ.

ಓವನ್‌ನಲ್ಲಿ ತುತ್ತತುದಿಯ ಬಿಸಿ 235ರಿಂದ 250 ಡಿಗ್ರಿ. 217 ಡಿಗ್ರಿಗಿಂತ ಮೇಲೆ ಒಂದರಿಂದ ಒಂದೂವರೆ ನಿಮಿಷ. ಬೋರ್ಡಿನ ಮೇಲೆಯೇ ಥರ್ಮೋಕಪಲ್ ಅಂಟಿಸಿ ಅಳೆಯಿರಿ, ಅತಿ ದೊಡ್ಡ ಭಾಗದ ಹತ್ತಿರ ಒಂದು, ಅತಿ ಸಣ್ಣದರ ಹತ್ತಿರ ಒಂದು. ಕನ್ವೇಯರ್ ಮೋಟರ್‌ಗೆ ಯುಪಿಎಸ್ ಹಾಕಿ. ಕರೆಂಟ್ ಹೋಗಿ ಬೆಲ್ಟ್ ನಿಂತರೆ ಒಳಗಿನ ಬೋರ್ಡ್‌ಗಳು ಅಲ್ಲೇ ಬೆಂದುಹೋಗುತ್ತವೆ.

ಕಣ್ಣಿಗೆ ಹೊಸ ಪಾಠ

ಮೊದಲ ವಾರ ನಮ್ಮ ತಪಾಸಣೆಯ ಅಕ್ಕ ಒಂದು ಟ್ರೇ ತುಂಬ ಬೋರ್ಡ್ ತಂದಿಟ್ಟು "ಸರ, ಎಲ್ಲಾ ಜಾಯಿಂಟ್ ಮಂಕಾಗ್ಯಾವ್ರೀ, ಡ್ರೈ ಸೋಲ್ಡರ್ ಅದಾವ" ಎಂದರು. ಡ್ರೈ ಎಂದರೆ ಸರಿಯಾಗಿ ಹತ್ತದ ಬೆಸುಗೆ. ಹದಿನೈದು ವರ್ಷ ಹೊಳೆಯುವ ಜಾಯಿಂಟ್ ನೋಡಿದ ಕಣ್ಣು ಅದು. ಹೊಸ ಜಾಯಿಂಟ್ ಹಳೆಯದರಷ್ಟು ಹೊಳೆಯದಿರಬಹುದು, ಸ್ವಲ್ಪ ಒರಟಾಗಿ, ಬೂದಿ ಬಣ್ಣಕ್ಕೆ ಇರಬಹುದು. ಅದು ತಪ್ಪಲ್ಲ. ಜಗತ್ತಿನೆಲ್ಲೆಡೆ ತಪಾಸಣೆಗೆ ಬಳಸುವ ಐಪಿಸಿ-ಎ-610 ಮಾನದಂಡವೂ ಇದನ್ನು ಒಪ್ಪುತ್ತದೆ. ಹೊಳಪಿನ ಬದಲು ಅಂಚು ನೋಡಬೇಕು. ಬೆಸುಗೆ ಪ್ಯಾಡ್‌ಗೆ ಇಳಿಜಾರಾಗಿ ಸೇರಿದೆಯೇ, ಕಾಲನ್ನು ಸುತ್ತ ಅಪ್ಪಿದೆಯೇ? ಎಲೆ ಮೇಲಿನ ನೀರಹನಿಯಂತೆ ಗುಂಡಗೆ ಕೂತಿದ್ದರೆ ಮಾತ್ರ ತಪ್ಪು.

ಒಳ್ಳೆಯದು, ಕೆಟ್ಟದ್ದು ಹತ್ತು ಹತ್ತು ಜಾಯಿಂಟ್‌ಗಳ ಫೋಟೊ ದೊಡ್ಡದಾಗಿ ಪ್ರಿಂಟ್ ಮಾಡಿ ಟೇಬಲ್ ಎದುರು ಅಂಟಿಸಿ. ನಾಲ್ಕಾರು ಜಾಯಿಂಟ್‌ಗಳನ್ನು ಕತ್ತರಿಸಿ, ಪಾಲಿಶ್ ಪೇಪರ್‌ನಿಂದ ಉಜ್ಜಿ ಭೂತಗನ್ನಡಿಯಲ್ಲಿ ತೋರಿಸಿ. ಮಂಕಾದ ಜಾಯಿಂಟ್‌ನ ಒಳಗೆ ಗಟ್ಟಿ ತುಂಬಿದ್ದನ್ನು ತಾವೇ ನೋಡಿದ ಮೇಲೆ ಅಕ್ಕನ ಅನುಮಾನ ಹೋಯಿತು. ನನ್ನ ಹತ್ತು ಮಾತಿನಿಂದ ಹೋಗಿರಲಿಲ್ಲ.

ಪರೀಕ್ಷೆ ಮತ್ತು ಕಾಗದ

ಮೊದಲ 50 ಬೋರ್ಡ್ ಮಾರಬೇಡಿ. ಹತ್ತನ್ನು ಕಾಂಟ್ಯಾಕ್ಟರ್ ಡಬ್ಬಿಯೊಳಗೆ ಹಾಕಿ ಸಾವಿರಾರು ಸಲ ಆನ್-ಆಫ್ ಮಾಡಿ. ಹತ್ತನ್ನು ಪರಿಚಯದ ರೈತರ ಪಂಪ್‌ಗೆ ಹಾಕಿ ಒಂದು ಬೇಸಿಗೆ ಬಿಡಿ. ನಮ್ಮಲ್ಲಿ ಎರಡು ಬೋರ್ಡ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಕಾಲಿನ ಜಾಯಿಂಟ್ ಬಿರುಕು ಬಿಟ್ಟಿತು. ಭಾರದ ಭಾಗವನ್ನು ಬರೀ ಬೆಸುಗೆಯ ಮೇಲೆ ನಿಲ್ಲಿಸಿದ್ದೆವು. ಈಗ ಪ್ಯಾಡ್ ದೊಡ್ಡದು ಮಾಡಿ, ಟ್ರಾನ್ಸ್‌ಫಾರ್ಮರ್‌ಗೆ ಕ್ಲ್ಯಾಂಪ್ ಹಾಕುತ್ತೇವೆ.

ಸೀಸ ಇದೆಯೇ ಎಂದು ತಕ್ಷಣ ನೋಡಲು ಬಣ್ಣ ಬದಲಾಗುವ ಕಡ್ಡಿ ಸಿಗುತ್ತದೆ. ಹಳೆಯ ತಂತಿ ಎಲ್ಲಾದರೂ ನುಸುಳಿದ್ದರೆ ಅದು ಹಿಡಿಯುತ್ತದೆ. ಆದರೆ ಶೇ. 0.1ರ ಲೆಕ್ಕ ಅದಕ್ಕೆ ಬಾರದು. ಅದಕ್ಕೆ ಎಕ್ಸ್‌ರೇ ಹಾಯಿಸಿ ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಪರೀಕ್ಷೆ ಬೇಕು, ಬೆಂಗಳೂರಿನ ಲ್ಯಾಬ್‌ಗಳಲ್ಲಿ ಮಾಡಿಸಬಹುದು. ಆ ವರದಿ, ಭಾಗಗಳ ಘೋಷಣೆಗಳು, ಪಾಟ್ ವರದಿಗಳು, ಬಾರ್ ಹಾಕಿದ ಪುಸ್ತಕ, ಇಷ್ಟನ್ನೂ ಒಂದೇ ಫೈಲ್‌ನಲ್ಲಿ ಇಡಿ. ಗಿರಾಕಿಗೆ ಕೊಡುವ ಘೋಷಣೆಗೆ ಸಹಿ ಹಾಕುವಾಗ ಈ ಫೈಲ್ ನಿಮ್ಮ ಕೈಯಲ್ಲಿರಬೇಕು.

ಹಳೆಯದನ್ನು ಎಲ್ಲಿ ಕಳಿಸುವುದು

ಹಳೆಯ ಪಾಟ್‌ನ ಲೋಹ, ಕಿಟ್ಟ, ಸವೆದ ವಿಕ್, ಇವು ಅಪಾಯಕಾರಿ ತ್ಯಾಜ್ಯ. ಗುಜರಿಯವರು ಒಳ್ಳೆಯ ರೇಟ್ ಹೇಳುತ್ತಾರೆ, ಒಯ್ದು ಯಾವುದೋ ಓಣಿಯಲ್ಲಿ ಬೆಂಕಿ ಹಾಕಿ ಕರಗಿಸುತ್ತಾರೆ. ಆ ಓಣಿಯಲ್ಲೂ ಮಕ್ಕಳಿರುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೇ ಕೊಡಿ, ರಸೀದಿ ಇಟ್ಟುಕೊಳ್ಳಿ. ತವರಕ್ಕೆ ಬೆಲೆ ಇದೆ, ಅವರೂ ಹಣ ಕೊಡುತ್ತಾರೆ.

ರಿಪೇರಿಗೆ ಬಂದ ಬೋರ್ಡ್

ಇದನ್ನು ನಾನು ಕೊನೆಗೆ ಯೋಚಿಸಿದೆ. ನೀವು ಮೊದಲೇ ಯೋಚಿಸಿ. ಸುಟ್ಟ ಬೋರ್ಡ್ ವಾಪಸ್ ಬರುತ್ತದೆ. ಅದು ಹಳೆಯದೋ ಹೊಸದೋ ನೋಡಿದರೆ ಗೊತ್ತಾಗುವುದಿಲ್ಲ. ಹಳೆಯ ಬೋರ್ಡ್ ಹಸಿರು ಟೇಬಲ್‌ಗೆ ಬಂದರೆ ಅಲ್ಲಿನ ಐರನ್ ಕೆಟ್ಟಿತು. ಆದ್ದರಿಂದ ಮೊದಲ ಲೆಡ್ ಫ್ರೀ ಬೋರ್ಡ್‌ನಿಂದಲೇ ಸೀರಿಯಲ್ ನಂಬರ್‌ನ ಮುಂದಿನ ಅಕ್ಷರ ಬದಲಿಸಿ. ಬೋರ್ಡಿನ ಮೇಲೆಯೇ ಬೆಸುಗೆಯ ಹೆಸರು ಪ್ರಿಂಟ್ ಆಗಿರಲಿ. ಗುರುತು ಇಲ್ಲದ್ದೆಲ್ಲ ಕೆಂಪು ಟೇಬಲ್‌ಗೇ ಹೋಗಬೇಕು.

ಆದರೆ ಎಲ್ಲ ಬೋರ್ಡೂ ನಮ್ಮ ಹತ್ತಿರ ವಾಪಸ್ ಬರುವುದಿಲ್ಲ. ನಾಟಿ ಹೊತ್ತಿಗೆ ಪಂಪ್ ನಿಂತರೆ ರೈತರು ಗಂಗಾವತಿಗೆ ಕಳಿಸಿ ಕಾಯುತ್ತಾರೆಯೇ? ಊರಿನ ಮೆಕ್ಯಾನಿಕ್ ಹತ್ತಿರ ಒಯ್ಯುತ್ತಾರೆ, ಅವರು ತಮ್ಮಲ್ಲಿದ್ದ ಲೆಡ್ ಹಚ್ಚಿ ಕೊಡುತ್ತಾರೆ. ಪಂಪ್ ನಡೆಯುತ್ತದೆ, ನಮ್ಮ ಇಷ್ಟೆಲ್ಲ ಕೆಲಸ ಆ ಒಂದು ಜಾಯಿಂಟ್‌ನಲ್ಲಿ ಹೋಗುತ್ತದೆ. ಅವರ ತಪ್ಪೂ ಅಲ್ಲ, ಸಣ್ಣ ಊರಿನ ಅಂಗಡಿಯಲ್ಲಿ ಬೇರೆ ತಂತಿ ಸಿಗುವುದೇ ಇಲ್ಲ. ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ನಮ್ಮ ಪರಿಚಯದ ಮೆಕ್ಯಾನಿಕ್‌ಗಳಿಗೆ ಈಗ 50 ಗ್ರಾಂ ಹೊಸ ತಂತಿಯ ಸುರುಳಿ, ಒಂದು ಅಗಲ ಬಿಟ್ ಕೊಡುತ್ತಿದ್ದೇವೆ. ಡಬ್ಬಿಯ ಮುಚ್ಚಳದ ಒಳಗೆ ಕನ್ನಡದಲ್ಲಿ ಒಂದು ಚೀಟಿಯನ್ನೂ ಅಂಟಿಸುತ್ತೇವೆ: "ಈ ಬೋರ್ಡಿನಲ್ಲಿ ಸೀಸ ಇಲ್ಲ. ರಿಪೇರಿಗೆ ತವರ-ತಾಮ್ರದ ತಂತಿಯನ್ನೇ ಬಳಸಿ. ತಂತಿ ಬೇಕಿದ್ದರೆ ಫೋನ್ ಮಾಡಿ, ಕಳಿಸಿಕೊಡುತ್ತೇವೆ."